ಹಳೆಯ ಪಿಕಪ್ಪಿನ ಹೌಸಿಂಗ್ ಆಯಿಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಡಿಫರೆನ್ಷಿಯಲ್‌ನ (ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗಳಿಗೆ ಹಂಚುವ ಗೇರುಗಳ ಜೋಡಣೆ) ಎಣ್ಣೆ, ಅಂದರೆ ಹೌಸಿಂಗ್ ಆಯಿಲ್ ಬದಲಿಸುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಂದಾಗಿಸಿದ್ದೇವೆ.

ಪ್ರಶ್ನೆ: ಇಪ್ಪತ್ತು ವರ್ಷ ಹಳೆಯ ಪಿಕಪ್ ಕೊಂಡಿದ್ದೇನೆ. ಎಂಜಿನ್ ಆಯಿಲ್ ಬದಲಿಸಿದ್ದಕ್ಕೆ ದಾಖಲೆ ಇದೆ, ಹೌಸಿಂಗ್ ಆಯಿಲ್ ಬಗ್ಗೆ ಒಂದಕ್ಷರವೂ ಇಲ್ಲ. ಗಾಡಿ ಸದ್ದಿಲ್ಲದೆ ಓಡುತ್ತಿದೆ. ಹಾಗೇ ಬಿಡಬಹುದೇ?

ಬಿಡಬೇಡಿ. ದಾಖಲೆ ಇಲ್ಲವೆಂದರೆ ಬದಲಿಸಿಲ್ಲ ಎಂದೇ ಲೆಕ್ಕ. ಎಂಜಿನ್ನಿಗಿರುವಂತೆ ಹೌಸಿಂಗಿಗೆ ಫಿಲ್ಟರ್ ಇಲ್ಲ. ಕ್ರೌನ್ (ದೊಡ್ಡ ಗೇರ್) ಮತ್ತು ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕ ಗೇರ್) ಹಲ್ಲುಗಳಿಂದ ಸವೆದ ಪುಡಿ ಅದೇ ಎಣ್ಣೆಯಲ್ಲಿ ಸುತ್ತುತ್ತಾ ಬೇರಿಂಗುಗಳೊಳಗೆ ಹೊಕ್ಕು ಹೊರಡುತ್ತದೆ. ಎಣ್ಣೆ ಹಾಳಾದರೆ ಹೊಗೆ ಬರುವುದಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುವುದಿಲ್ಲ. ಸದ್ದು ಕೇಳಿಸುವ ಹೊತ್ತಿಗೆ ಲೋಹ ಆಗಲೇ ಸವೆದಿರುತ್ತದೆ. ಆದ್ದರಿಂದ ಸದ್ದಿಲ್ಲ ಎಂಬುದು ಬದಲಿಸದಿರಲು ಕಾರಣವಲ್ಲ, ಬದಲಿಸಲು ಇನ್ನೂ ಕಾಲ ಮಿಂಚಿಲ್ಲ ಎಂಬುದಕ್ಕೆ ಸೂಚನೆ.

ಒಮ್ಮೆ ಬದಲಿಸಿದ ಮೇಲೆ ಸಾಮಾನ್ಯ ಓಡಾಟಕ್ಕೆ 50,000ದಿಂದ 80,000 ಕಿ.ಮೀ.ಗೊಮ್ಮೆ ಸಾಕು. ದಿನವೂ ಭಾರ ಹೊರುವ, ಟ್ರೇಲರ್ ಎಳೆಯುವ, ಗುಡ್ಡ ಹತ್ತುವ ಗಾಡಿಗೆ ಅದರ ಅರ್ಧಕ್ಕೇ ಬದಲಿಸಿ. ಹೌಸಿಂಗ್ ಮುಳುಗುವಷ್ಟು ನೀರಿಗೆ ಗಾಡಿ ಇಳಿದಿದ್ದರೆ ಕಿಲೋಮೀಟರ್ ಲೆಕ್ಕ ಬಿಟ್ಟು ಆಗಲೇ ಎಣ್ಣೆ ನೋಡಿ. ಹೊಸ ಕ್ರೌನ್-ಪಿನಿಯನ್ ಜೋಡಿ ಹಾಕಿಸಿದ್ದರೆ ಮೊದಲ ಬದಲಾವಣೆ ಸುಮಾರು 800 ಕಿ.ಮೀ.ಗೇ ಆಗಬೇಕು. ಹೊಸ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರುವ ಪುಡಿ ಆಗ ಹೊರಹೋಗುತ್ತದೆ.

ಪ್ರಶ್ನೆ: ನನ್ನ ಗಾಡಿಯ ಹೌಸಿಂಗಿನಲ್ಲಿ ಎರಡು ಪ್ಲಗ್‌ಗಳಿವೆ, ಹಿಂಬದಿ ನಡುವಿನಲ್ಲಿ ಒಂದು, ತಳದಲ್ಲಿ ಒಂದು. ಕೆಲಸವನ್ನು ಮೊದಲಿಂದ ಕೊನೆವರೆಗೆ ವಿವರಿಸಿ.

ನಡುವಿನದು ಎಣ್ಣೆ ತುಂಬುವ ಫಿಲ್ಲರ್ ಪ್ಲಗ್, ತಳದ್ದು ಡ್ರೇನ್ ಪ್ಲಗ್. ಎಲ್ಲಕ್ಕಿಂತ ಮೊದಲು ಫಿಲ್ಲರ್ ಪ್ಲಗ್ ಬಿಚ್ಚಿ. ಕೆಳಗಿನದನ್ನು ಮೊದಲು ಬಿಚ್ಚಿ ಎಣ್ಣೆಯೆಲ್ಲ ಇಳಿಸಿ, ಆಮೇಲೆ ಮೇಲಿನದು ಬರದೆ ಹೋದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಹಳೆಯ ಗಾಡಿಗಳಲ್ಲಿ ಹೆಚ್ಚು ಸತಾಯಿಸುವುದು ಈ ಮೇಲಿನ ಪ್ಲಗ್ಗೇ.

ಸಾಮಾನು ಮೊದಲೇ ಹೊಂದಿಸಿಕೊಳ್ಳಿ. ಪ್ಲಗ್ಗಿನ ತಲೆ ಎಂಥದು ಎಂದು ಗಾಡಿಯಡಿ ನುಸುಳಿ ನೋಡಿ. ಕೆಲವಕ್ಕೆ 24 ಎಂ.ಎಂ. ಸಾಕೆಟ್ ಬೇಕು, ಕೆಲವಕ್ಕೆ 10 ಎಂ.ಎಂ. ಆಲನ್ ಕೀ, ಇನ್ನು ಕೆಲವದರಲ್ಲಿ ಚೌಕದ ಗುಳಿ ಇದ್ದು 3/8 ಅಥವಾ 1/2 ಇಂಚಿನ ರಾಚೆಟ್ ಹಿಡಿಯೇ ನೇರವಾಗಿ ಕೂರುತ್ತದೆ. ಐದು ಲೀಟರ್ ಹಿಡಿಯುವ ಅಗಲ ಬಾಣಲೆ, ಎರಡೂ ಪ್ಲಗ್ಗಿಗೆ ಹೊಸ ವಾಷರ್, ತಂತಿ ಬ್ರಷ್, ಹಳೇ ಬಟ್ಟೆ, ಎಣ್ಣೆ ತುಂಬಲು ಕೈಪಂಪು ಇರಲಿ. ಎಣ್ಣೆ ಡಬ್ಬಿಯ ಬಾಯಿಗೇ ತಿರುಚಿ ಕೂರಿಸುವ ಪಂಪು ಸಿಕ್ಕರೆ ಕೆಲಸ ಸಲೀಸು. ಅದಿಲ್ಲದಿದ್ದರೆ ಉದ್ದನೆ ಪ್ಲಾಸ್ಟಿಕ್ ಕೊಳವೆಯ ಒಂದು ತುದಿಯನ್ನು ಫಿಲ್ಲರ್ ರಂಧ್ರಕ್ಕೆ ಇಟ್ಟು, ಇನ್ನೊಂದು ತುದಿಗೆ ಲಾಳಿಕೆ ಸಿಕ್ಕಿಸಿ ಮೇಲಿನಿಂದ ಸುರಿಯಬಹುದು.

ಗಾಡಿಯನ್ನು ಹತ್ತು ಹದಿನೈದು ನಿಮಿಷ ಓಡಿಸಿ ತನ್ನಿ. ಎಣ್ಣೆ ಬೆಚ್ಚಗಾದರೆ ಸರಾಗ ಇಳಿಯುತ್ತದೆ, ತಳದಲ್ಲಿ ಕೂತ ಪುಡಿಯೂ ಕದಡಿ ಜೊತೆಗೇ ಬರುತ್ತದೆ. ಬಳಿಕ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಪಿಕಪ್ಪಿನಡಿ ಸಾಮಾನ್ಯವಾಗಿ ಜಾಗ ಸಾಕಷ್ಟಿರುತ್ತದೆ, ಎತ್ತದೆ ಮಾಡಬಹುದಾದರೆ ಅದೇ ಒಳ್ಳೆಯದು. ಎತ್ತಲೇಬೇಕಾದರೆ ಸ್ಟ್ಯಾಂಡ್ ಕೊಡಿ, ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಇನ್ನೊಂದು ವಿಷಯ ಹಲವರಿಗೆ ಹೊಳೆಯುವುದಿಲ್ಲ: ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು. ಅವೇ ಗಾಳಿಯಲ್ಲಿದ್ದರೆ ಅದು ಗಾಡಿಯನ್ನು ಹಿಡಿಯಲಾರದು. ಮುಂದಿನ ಗಾಲಿಗಳಿಗೆ ಎರಡೂ ಕಡೆಯಿಂದ ಅಡೆ ಕೊಡಿ.

ಪ್ಲಗ್ಗಿನ ಸುತ್ತ ಮೆತ್ತಿದ ಮಣ್ಣನ್ನು ಬ್ರಷ್ಷಿನಿಂದ ತೆಗೆದು ಒರೆಸಿ. ಇಲ್ಲವಾದರೆ ಬಿಚ್ಚುತ್ತಿದ್ದಂತೆ ಅದೇ ಮಣ್ಣು ಒಳಗೆ ಬೀಳುತ್ತದೆ. ಫಿಲ್ಲರ್ ಪ್ಲಗ್ ತೆಗೆದು ಕಿರುಬೆರಳನ್ನು ಒಳಗೆ ಬಾಗಿಸಿ ಎಣ್ಣೆಯ ಮಟ್ಟ ಮುಟ್ಟಿ ನೋಡಿ. ಅಂಚಿನಲ್ಲೇ ಸಿಕ್ಕರೆ ಸರಿ. ಬೆರಳಿಗೆ ಸಿಗದಷ್ಟು ಕೆಳಗಿದ್ದರೆ ಎಲ್ಲೋ ಸೋರುತ್ತಿದೆ, ಜಾಗ ಹುಡುಕಬೇಕು. ಇಷ್ಟಾದ ಮೇಲೆ ಡ್ರೇನ್ ಪ್ಲಗ್ ಬಿಚ್ಚಿ ಇಪ್ಪತ್ತು ನಿಮಿಷ ಹನಿಯಲು ಬಿಡಿ. ಆತುರ ಮಾಡಬೇಡಿ, ಕೊನೆಗೆ ಬರುವ ಹನಿಗಳಲ್ಲೇ ಕೊಳೆ ಹೆಚ್ಚು.

ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಸುರಿದು ತೊಳೆಯುವ ಅಭ್ಯಾಸ ಕೆಲವರಿಗಿದೆ. ಬೇಡ. ಆಕ್ಸಲ್ ಕೊಳವೆಗಳಲ್ಲಿ, ಬೇರಿಂಗುಗಳಲ್ಲಿ ಅದು ಉಳಿದು ಹೊಸ ಎಣ್ಣೆಯನ್ನು ತೆಳ್ಳಗಾಗಿಸುತ್ತದೆ. ಒಳಗೆ ಅಷ್ಟೊಂದು ಕೊಳೆ ಇದ್ದರೆ ಹೊಸ ಎಣ್ಣೆಯನ್ನೇ ಸಾವಿರ ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬದಲಿಸಿ.

ಡ್ರೇನ್ ಪ್ಲಗ್ಗಿನ ಮ್ಯಾಗ್ನೆಟ್ ಒರೆಸಿ, ಹೊಸ ವಾಷರ್ ಹಾಕಿ ಬಿಗಿ ಮಾಡಿ. ವಾಷರ್ ಇರುವ ಪ್ಲಗ್ಗುಗಳಿಗೆ, ಉದಾಹರಣೆಗೆ ಟೊಯೋಟಾದ ಹಲವು ಪಿಕಪ್ಪುಗಳಲ್ಲಿ, 49 ನ್ಯೂಟನ್ ಮೀಟರ್ ಬಿಗಿತ ಹೇಳಿರುತ್ತಾರೆ. ನಿಮ್ಮ ಗಾಡಿಯ ಲೆಕ್ಕ ಕೈಪಿಡಿಯಲ್ಲಿ ನೋಡಿ. ತುದಿ ಕಡೆಗೆ ಸಣ್ಣಗಾಗುವ ಮರೆ (ತಿರುಪಿನ ಸುತ್ತು) ಇರುವ ಪ್ಲಗ್ಗಿಗೆ ವಾಷರ್ ಇರುವುದಿಲ್ಲ, ಮರೆಗೆ ಸ್ವಲ್ಪ ಸೀಲೆಂಟ್ ಸವರಿದರೆ ಸಾಕು. ಅದು ಬೆಣೆಯಾಗಿ ಕೂರುವ ಜಾತಿ. ಮೈಮೇಲೆ ಬಿದ್ದು ಬಿಗಿ ಮಾಡಿದರೆ ಹೌಸಿಂಗ್ ಬಿರುಕು ಬಿಟ್ಟೀತು.

ಈಗ ತುಂಬಿಸಿ. ಹೆಚ್ಚಿನ ಪಿಕಪ್ಪುಗಳಿಗೆ 1.5ರಿಂದ 3 ಲೀಟರ್ ಹಿಡಿಯುತ್ತದೆ, ದೊಡ್ಡ ಆಕ್ಸಲ್ಲಿಗೆ ಇನ್ನೂ ಹೆಚ್ಚು. ಆದರೆ ಅಳತೆ ಲೀಟರಿನದಲ್ಲ, ರಂಧ್ರದ್ದು. ಫಿಲ್ಲರ್ ರಂಧ್ರದ ಕೆಳ ಅಂಚಿನಿಂದ ಎಣ್ಣೆ ಜಿನುಗಿದಾಗ ನಿಲ್ಲಿಸಿ, ಹತ್ತು ನಿಮಿಷ ಬಿಡಿ. ಎರಡೂ ಬದಿಯ ಆಕ್ಸಲ್ ಕೊಳವೆಗಳಿಗೆ ಎಣ್ಣೆ ಹರಿದು ಮಟ್ಟ ಇಳಿದಿರುತ್ತದೆ. ಮತ್ತೆ ತುಂಬಿ, ಹೆಚ್ಚಾದದ್ದು ತಾನಾಗಿ ಹೊರಬಿದ್ದು ನಿಂತ ಮೇಲೆ ಪ್ಲಗ್ ಹಾಕಿ. ಕೆಲವು ತಯಾರಕರು ಮಟ್ಟ ರಂಧ್ರಕ್ಕಿಂತ ಕಾಲು ಇಂಚು ಅಥವಾ ಇನ್ನೂ ಸ್ವಲ್ಪ ಕೆಳಗಿರಲಿ ಎನ್ನುತ್ತಾರೆ. ಅಂಥ ಗಾಡಿಯಾದರೆ ತಂತಿಯೊಂದನ್ನು ಎಲ್ ಆಕಾರಕ್ಕೆ ಬಾಗಿಸಿ ಅದ್ದಿ ಅಳೆಯಿರಿ. ಹಿಂಭಾಗ ಮಾತ್ರ ಎತ್ತಿದ ಗಾಡಿಯಲ್ಲಿ ಮಟ್ಟ ನೋಡಿದರೆ ಲೆಕ್ಕ ತಪ್ಪುತ್ತದೆ.

ಪ್ರಶ್ನೆ: ತಳದಲ್ಲಿ ಪ್ಲಗ್ಗೇ ಇಲ್ಲ. ಹಿಂದೆ ಬೋಲ್ಟು ಹಾಕಿದ ತಗಡಿನ ಮುಚ್ಚಳ ಇದೆ. ಹೀರಿ ತೆಗೆದರೆ ಸಾಲದೇ?

ಫಿಲ್ಲರ್ ರಂಧ್ರದಿಂದ ಪಂಪಿನಲ್ಲಿ ಹೀರಿದರೆ ಹೆಚ್ಚಿನ ಎಣ್ಣೆ ಬಂದೀತು, ತಳದ ಕೆಸರು ಬರುವುದಿಲ್ಲ. ಎಷ್ಟೋ ವರ್ಷ ಮುಟ್ಟದ ಹೌಸಿಂಗಿಗೆ ಮುಚ್ಚಳ ಬಿಚ್ಚುವುದೇ ಸರಿ. ಒಳಗಿನ ಹಲ್ಲುಗಳನ್ನು ಕಣ್ಣಾರೆ ನೋಡುವ ಅವಕಾಶ ಬೇರೆ.

ಫಿಲ್ಲರ್ ಪ್ಲಗ್ ಮೊದಲು ಎಂಬ ನಿಯಮ ಇಲ್ಲಿಗೂ ಅನ್ವಯ. ಬಳಿಕ ಬೋಲ್ಟುಗಳನ್ನು ಬಿಚ್ಚುತ್ತಾ ಬನ್ನಿ. ಮೇಲಿನ ಎರಡನ್ನು ಮಾತ್ರ ನಾಲ್ಕೈದು ಸುತ್ತು ಸಡಿಲಿಸಿ ಹಾಗೇ ಬಿಡಿ. ಬ್ರೇಕ್ ಪೈಪಿನ ಕ್ಲಿಪ್ಪೋ ಹ್ಯಾಂಡ್‌ಬ್ರೇಕ್ ಕೇಬಲ್ಲಿನ ಪಟ್ಟಿಯೋ ಯಾವ ಬೋಲ್ಟಿನಡಿ ಇತ್ತು ಎಂದು ಫೋಟೋ ತೆಗೆದುಕೊಳ್ಳಿ. ಕೆಲವು ಗಾಡಿಗಳಲ್ಲಿ ಒಂದು ಬೋಲ್ಟಿನಡಿ ಪುಟ್ಟ ತಗಡಿನ ಚೀಟಿ ಇರುತ್ತದೆ. ಅದರಲ್ಲಿ 3.73 ಎಂಬಂಥ ಸಂಖ್ಯೆ ಕಂಡರೆ ಅದು ಕ್ರೌನ್-ಪಿನಿಯನ್ ಅನುಪಾತ: ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 11. ಮುಂದೆ ಬಿಡಿಭಾಗ ಕೊಳ್ಳುವಾಗ ಬೇಕಾಗುವ ಮಾಹಿತಿ ಅದೇ. ಎಸೆಯಬೇಡಿ, ಇದ್ದ ಜಾಗಕ್ಕೇ ಹಾಕಿ.

ಮುಚ್ಚಳದ ಕೆಳ ಅಂಚಿಗೆ ತೆಳು ಪಟ್ಟಿ ತೂರಿಸಿ ಮೆಲ್ಲಗೆ ಮೀಟಿದರೆ ಅಂಟು ಬಿಡುತ್ತದೆ. ಎಣ್ಣೆ ಒಂದು ಧಾರೆಯಾಗಿ ಬರುವುದಿಲ್ಲ, ಮುಚ್ಚಳದ ಅಗಲಕ್ಕೂ ಪರದೆಯಾಗಿ ಸುರಿಯುತ್ತದೆ. ಬಾಣಲೆ ಅಗಲವಾಗಿರಲಿ. ಮೇಲಿನ ಎರಡು ಬೋಲ್ಟು ಬಿಟ್ಟಿರದಿದ್ದರೆ ಮುಚ್ಚಳವೂ ಅದರೊಳಗೇ ಬೀಳುತ್ತದೆ.

ಸೋರಿಕೆ ಬರುವುದು ಮುಚ್ಚಳ ಕೂರಿಸುವ ಹಂತದಲ್ಲಿ ಮಾಡುವ ಅವಸರದಿಂದ. ಎರಡೂ ಕಡೆಯ ಹಳೆ ಪ್ಯಾಕಿಂಗ್ ಪೂರ್ತಿ ಕೆರೆದು ತೆಗೆಯಿರಿ, ಕೆರೆದ ಚೂರು ಒಳಗೆ ಬೀಳದಂತೆ ಬಟ್ಟೆ ತುರುಕಿಡಿ. ಆಮೇಲೆ ಆ ಬಟ್ಟೆ ತೆಗೆಯಲು ನೆನಪಿರಲಿ. ಮುಚ್ಚಳವನ್ನು ಸಪಾಟಾದ ಹಲಗೆಯ ಮೇಲಿಟ್ಟು ನೋಡಿ. ಹಿಂದೆ ಯಾರೋ ಅತಿಯಾಗಿ ಬಿಗಿದಿದ್ದರೆ ಬೋಲ್ಟು ರಂಧ್ರಗಳ ಸುತ್ತ ತಗಡು ಉಬ್ಬಿರುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸಮ ಮಾಡಿ. ಬ್ರೇಕ್ ಕ್ಲೀನರಿನಿಂದ ಎರಡೂ ಮುಖ ಒರೆಸಿ. ಆಮೇಲೆ ಬೆರಳೂ ತಾಕಬಾರದು. ಜಿಡ್ಡಿನ ಮೇಲೆ ಸಿಲಿಕಾನ್ ಹಿಡಿಯುವುದಿಲ್ಲ.

ಗೇರ್ ಆಯಿಲ್ ತಡೆಯುವ ಸಿಲಿಕಾನನ್ನು 5–6 ಎಂ.ಎಂ. ದಪ್ಪಕ್ಕೆ ಎಲ್ಲೂ ಕಡಿಯದಂತೆ ಎಳೆಯಿರಿ. ಗೆರೆ ಬೋಲ್ಟು ರಂಧ್ರಗಳ ಒಳಬದಿಯಿಂದ ಹಾಯಲಿ. ಹೊರಬದಿಯಲ್ಲಿ ಮಾತ್ರ ಇದ್ದರೆ ಎಣ್ಣೆ ಮರೆಯ ಮೂಲಕ ಹೊರದಾರಿ ಹುಡುಕಿಕೊಳ್ಳುತ್ತದೆ. ರೆಡಿಮೇಡ್ ಪ್ಯಾಕಿಂಗ್ ಹಾಕುವುದಾದರೆ ಅದಷ್ಟೇ ಸಾಕು, ಎರಡನ್ನೂ ಸೇರಿಸಿದರೆ ಬಿಗಿ ಮಾಡುವಾಗ ಪ್ಯಾಕಿಂಗ್ ಜಾರಿ ಹೊರಬರುತ್ತದೆ. ಸಿಲಿಕಾನ್ ಮೇಲೆ ಪೊರೆ ಕಟ್ಟುವ ಮೊದಲೇ ಮುಚ್ಚಳ ಕೂರಿಸಿ, ಎದುರುಬದುರು ಬೋಲ್ಟುಗಳನ್ನು ಎರಡು ಸುತ್ತಿನಲ್ಲಿ ಬಿಗಿ ಮಾಡಿ. 27ರಿಂದ 45 ನ್ಯೂಟನ್ ಮೀಟರ್ ನಡುವೆ ಹೆಚ್ಚಿನವು ಬರುತ್ತವೆ. ಎಣ್ಣೆ ತುಂಬುವ ಮುನ್ನ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಕಾಯಿರಿ, ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು.

ಒಂದು ಎಚ್ಚರಿಕೆ. ಕೆಲವು ಹೌಸಿಂಗುಗಳ ಹಿಂಬದಿ ಗುಂಡಗೆ ಮುಚ್ಚಳದಂತೆಯೇ ಕಾಣುತ್ತದೆ, ಆದರೆ ಬೋಲ್ಟುಗಳಿಲ್ಲ. ಅದು ಬೆಸುಗೆ ಹಾಕಿದ್ದು. ಅವುಗಳಲ್ಲಿ ಗೇರುಗಳ ಜೋಡಣೆ ಮುಂಭಾಗದಿಂದ ಇಡಿಯಾಗಿ ಹೊರಬರುತ್ತದೆ. ಎಣ್ಣೆ ಬದಲಿಸಲೆಂದು ಮುಂದಿನ ನಟ್ಟುಗಳಿಗೆ ಕೈ ಹಾಕಬೇಡಿ.

ಪ್ರಶ್ನೆ: ಫಿಲ್ಲರ್ ಪ್ಲಗ್ ಅಲುಗುತ್ತಿಲ್ಲ. ತಲೆಯ ಮೂಲೆ ಸವೆಯಲು ಶುರುವಾಗಿದೆ.

ಅಲ್ಲಿಗೇ ನಿಲ್ಲಿಸಿ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಬಿಟ್ಟು ಆರು ಮೂಲೆಯ ಸಾಕೆಟ್ ತನ್ನಿ. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಒಂದು ರಾತ್ರಿ ಬಿಡಿ. ಮರುದಿನ ಪ್ಲಗ್ಗಿನ ತಲೆಗೆ ಸುತ್ತಿಗೆಯಿಂದ ನೇರ ನಾಲ್ಕು ಪೆಟ್ಟು ಕೊಟ್ಟು, ಮೊದಲು ಬಿಗಿಯುವ ಕಡೆಗೆ ಒಂದಿಷ್ಟು ಅದುಮಿ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿ. ಬರದಿದ್ದರೆ ಪ್ಲಗ್ಗಿನ ಸುತ್ತಲ ಹೌಸಿಂಗನ್ನು ಬಿಸಿ ಮಾಡಬೇಕು, ಪ್ಲಗ್ಗನ್ನಲ್ಲ. ಬಿಸಿ ಗಾಳಿಯ ಗನ್ ಸಾಕು. ಸಿಂಪಡಿಸಿದ ಎಣ್ಣೆ ಒರೆಸಿಕೊಂಡು, ಬ್ರೇಕ್ ಪೈಪಿನಿಂದ ದೂರವಿಟ್ಟು ಕಾಯಿಸಿ. ಚೌಕ ಗುಳಿಯ ಪ್ಲಗ್ ಆದರೆ ಗುಳಿಯಲ್ಲಿ ಗಟ್ಟಿಯಾದ ಮಣ್ಣನ್ನು ಮೊಳೆಯಿಂದ ಕೆದಕಿ ತೆಗೆಯಿರಿ. ಹಿಡಿ ಅರ್ಧ ಮಾತ್ರ ಕೂತಿರುವುದರಿಂದಲೇ ಎಷ್ಟೋ ಗುಳಿಗಳು ದುಂಡಗಾಗುವುದು. ಯಾವುದಕ್ಕೂ ಬಗ್ಗದಿದ್ದರೆ ಕೊನೆಯ ಉಪಾಯ ಪ್ಲಗ್ಗಿನ ಮೇಲೊಂದು ನಟ್ ಬೆಸೆಯುವುದು. ಆ ಕಾವಿಗೇ ಮರೆ ಸಡಿಲವಾಗುತ್ತದೆ. ಆ ಕೆಲಸ ವೆಲ್ಡರ್ ಕೈಯಲ್ಲಿ ಮಾಡಿಸಿ, ಹೊಸ ಪ್ಲಗ್ ಕೈಯಲ್ಲಿಟ್ಟುಕೊಂಡೇ ಹೋಗಿ.

ಪ್ರಶ್ನೆ: 90 ಆಯಿಲ್ ಹಾಕಬೇಕೋ 140 ಆಯಿಲ್ಲೋ? ಜಿಎಲ್-4, ಜಿಎಲ್-5 ಎಂದರೇನು? ಉಳಿದದ್ದನ್ನು ಗೇರ್‌ಬಾಕ್ಸಿಗೆ ಹಾಕಬಹುದೇ?

ಮೊದಲಿಗೆ, 90 ಎಂದರೆ ಎಂಜಿನ್ ಆಯಿಲ್ಲಿನ 40ಕ್ಕಿಂತ ಎರಡು ಪಟ್ಟು ದಪ್ಪ ಎಂದಲ್ಲ. ಎರಡರ ಅಳತೆಗೋಲು ಬೇರೆ. 90 ಗೇರ್ ಆಯಿಲ್ ಬಿಸಿಯಲ್ಲಿ ಹೆಚ್ಚುಕಡಿಮೆ 40–50 ನಂಬರಿನ ಎಂಜಿನ್ ಆಯಿಲ್ಲಿನಷ್ಟೇ ಮಂದ. ಕೈಪಿಡಿ ಸಿಗದ ಹಳೆಯ ಪಿಕಪ್ಪಿಗೆ 80W-90 ಸುರಕ್ಷಿತ ಆಯ್ಕೆ. ಬಹಳ ಚಳಿಯ ಕಡೆ 75W-90 ಹಾಕಿ. ಸದಾ ತುಂಬು ಭಾರ, ಬಿಸಿ ಹವೆ ಇದ್ದಲ್ಲಿ, ತಯಾರಕರೂ ಒಪ್ಪಿದ್ದರೆ, 85W-140.

ಜಿಎಲ್ ಸಂಖ್ಯೆ ದಪ್ಪದ್ದಲ್ಲ, ಎಣ್ಣೆಯಲ್ಲಿ ಬೆರೆಸಿದ ರಾಸಾಯನಿಕದ ಬಲದ್ದು. ಹಿಂದಿನ ಹೌಸಿಂಗಿನ ಪಿನಿಯನ್ ಕ್ರೌನಿನ ನಟ್ಟನಡುವೆ ಕೂಡುವುದಿಲ್ಲ, ಕೇಂದ್ರಕ್ಕಿಂತ ಕೆಳಗೆ ಕೂಡುತ್ತದೆ. ಇದೇ ಹೈಪಾಯ್ಡ್ ಜೋಡಣೆ. ಹೀಗಾಗಿ ಹಲ್ಲುಗಳು ಉರುಳುವುದರ ಜೊತೆಗೆ ಒತ್ತಿಕೊಂಡು ಜಾರುತ್ತವೆ. ಆ ಒತ್ತಡಕ್ಕೆ ಎಣ್ಣೆಯ ಪೊರೆ ಹರಿದುಹೋಗುತ್ತದೆ, ಆಗ ಹಲ್ಲನ್ನು ಕಾಯುವುದು ಗಂಧಕ-ರಂಜಕದ ಮಿಶ್ರಣ. ಹಳೆಯ ಹೌಸಿಂಗ್ ಆಯಿಲ್ಲಿನ ಆ ಕೆಟ್ಟ ನಾತಕ್ಕೂ ಗಂಧಕವೇ ಕಾರಣ. ಜಿಎಲ್-5ರಲ್ಲಿ ಈ ಮಿಶ್ರಣ ಹೆಚ್ಚು, ಹೈಪಾಯ್ಡ್ ಹೌಸಿಂಗಿಗೆ ಅದೇ ಆಗಬೇಕು. ಜಿಎಲ್-4 ಸಾಲದು.

ಗೇರ್‌ಬಾಕ್ಸಿನ ಕಥೆ ತಿರುಗಾಮುರುಗಾ. ಅಲ್ಲಿ ಹಿತ್ತಾಳೆಯ ಸಿಂಕ್ರೊ ರಿಂಗುಗಳಿದ್ದು (ಗೇರ್ ಬೀಳುವ ಮುನ್ನ ವೇಗ ಹೊಂದಿಸುವ ಬಳೆಗಳು), ಜಿಎಲ್-4 ಕೇಳಿದ ಗೇರ್‌ಬಾಕ್ಸಿಗೆ ಜಿಎಲ್-5 ಸುರಿದರೆ ಗೇರ್ ಬೀಳುವಾಗ ಕರಕರ ಎನ್ನಬಹುದು, ರಿಂಗೂ ಬೇಗ ಸವೆಯಬಹುದು. ಉಳಿದದ್ದನ್ನು ಡಬ್ಬಿಯಲ್ಲೇ ಮುಚ್ಚಿಡಿ.

ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಗಾಲಿ ಜಾರಿ ತಿರುಗದಂತೆ ತಡೆಯುವ ಬಗೆ) ಇರುವವರು ಇನ್ನೊಂದು ನೋಡಬೇಕು. ಕ್ಲಚ್ ಪ್ಲೇಟುಗಳಿರುವ ಬಗೆಗೆ ಫ್ರಿಕ್ಷನ್ ಮಾಡಿಫೈಯರ್, ಅಂದರೆ ಪ್ಲೇಟುಗಳ ಉಜ್ಜುವಿಕೆ ಹದಗೊಳಿಸುವ ದ್ರವ ಬೇಕು. ಕೆಲವು ಎಣ್ಣೆಗಳಲ್ಲಿ ಮೊದಲೇ ಸೇರಿರುತ್ತದೆ, ಇಲ್ಲದಿದ್ದರೆ ಸುಮಾರು 118 ಮಿ.ಲೀ.ಯ ಬಾಟಲಿಯಾಗಿ ಸಿಗುತ್ತದೆ. ಅದನ್ನು ಮೊದಲು ಹಾಕಿ ಆಮೇಲೆ ಎಣ್ಣೆ ತುಂಬಿ, ಕೊನೆಗೆ ಹಾಕಹೋದರೆ ಜಾಗ ಇರುವುದಿಲ್ಲ. ಮರೆತರೆ ಗೊತ್ತಾಗುತ್ತದೆ: ನಿಧಾನವಾಗಿ ಕಡಿದಾದ ತಿರುವು ತಿರುಗಿಸುವಾಗ ಗಾಡಿಯ ಹಿಂಭಾಗ ಕಟಕಟ ನಡುಗುತ್ತದೆ. ಮಾಡಿಫೈಯರ್ ಹಾಕಿ ಖಾಲಿ ಮೈದಾನದಲ್ಲಿ ಎಂಟರ ಆಕಾರದಲ್ಲಿ ಹತ್ತು ಸುತ್ತು ಮೆಲ್ಲಗೆ ಓಡಿಸಿದರೆ ಪ್ಲೇಟುಗಳ ನಡುವೆ ಹೋಗಿ ಸೇರುತ್ತದೆ.

ಪ್ರಶ್ನೆ: ಡ್ರೇನ್ ಪ್ಲಗ್ಗಿನ ಮ್ಯಾಗ್ನೆಟ್ಟಿಗೆ ಲೋಹದ ಪುಡಿ ಅಂಟಿತ್ತು. ಹೆದರಬೇಕೇ?

ಪುಡಿ ಎಂಥದು ಎಂಬುದರ ಮೇಲೆ. ಮ್ಯಾಗ್ನೆಟ್ಟಿನಿಂದ ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ. ಕಾಡಿಗೆಯ ಹಾಗೆ ನುಣ್ಣಗೆ ಬೆರಳಿಗೆ ಹತ್ತಿಕೊಂಡರೆ ಅದು ವರ್ಷಗಳ ಸಹಜ ಸವೆತ. ಒರೆಸಿ ಹಾಕಿ, ಚಿಂತೆ ಬೇಡ. ತರಿತರಿಯಾಗಿ ಚುಚ್ಚಿದರೆ ಬಿಳಿ ಬಟ್ಟೆಯ ಮೇಲೆ ಹರಡಿ ಬೆಳಕಿಗೆ ಹಿಡಿಯಿರಿ. ಹೊಳೆಯುವ ತೆಳು ಹಕ್ಕಳೆ ಇದ್ದರೆ ಬೇರಿಂಗಿನ ಉರುಳೆಯ ಅಥವಾ ಹಲ್ಲಿನ ಮೇಲ್ಮೈ ಏಳುತ್ತಿದೆ. ಮೂಲೆಯುಳ್ಳ ತುಂಡು ಸಿಕ್ಕರೆ ಹಲ್ಲು ಮುರಿದಿದೆ. ಆಮೇಲೆ ಗಾಡಿ ಓಡಿಸಬೇಡಿ, ಆ ತುಂಡು ಮತ್ತೆ ಹಲ್ಲುಗಳ ನಡುವೆ ಸಿಕ್ಕರೆ ಹೌಸಿಂಗೇ ಒಡೆದೀತು. ಹಿತ್ತಾಳೆ ಬಣ್ಣದ ಚೂರು ಮ್ಯಾಗ್ನೆಟ್ಟಿಗೆ ಹತ್ತುವುದಿಲ್ಲ, ಅದನ್ನು ಬಾಣಲೆಯ ಎಣ್ಣೆಯಲ್ಲೇ ಹುಡುಕಬೇಕು.

ಮುಚ್ಚಳ ತೆಗೆದಿದ್ದರೆ ಗಾಲಿ ತಿರುಗಿಸುತ್ತಾ ಕ್ರೌನಿನ ಪ್ರತಿ ಹಲ್ಲನ್ನೂ ಟಾರ್ಚಿನಲ್ಲಿ ನೋಡಿ. ಎಲ್ಲ ಹಲ್ಲಿನ ಮೇಲೂ ಒಂದೇ ಜಾಗದಲ್ಲಿ ಮಿರುಗುವ ಗುರುತಿದ್ದರೆ ಸರಿ. ಗುಳಿ, ಗೀರು, ಕಾವಿಗೆ ನೀಲಿಯಾದ ಭಾಗ ಕಂಡರೆ ಎಣ್ಣೆಯಿಂದ ವಾಸಿಯಾಗುವ ರೋಗವಲ್ಲ.

ಪ್ರಶ್ನೆ: ಎಣ್ಣೆ ಬೆಳ್ಳಗೆ ಮಬ್ಬಾಗಿತ್ತು. ಬದಲಿಸಿದ ಮೇಲೆ ಈಗ ಹಿಂದಿನ ಬ್ರೇಕ್ ಡ್ರಮ್ ಒಳಗೆ ಎಣ್ಣೆ ಕಾಣುತ್ತಿದೆ.

ಎಣ್ಣೆ ಬೆಳ್ಳಗಾದರೆ ಅದಕ್ಕೆ ನೀರು ಸೇರಿದೆ ಎಂದರ್ಥ. ಎರಡಕ್ಕೂ ಬ್ರೀದರ್, ಅಂದರೆ ಹೌಸಿಂಗಿಗೆ ಗಾಳಿಯಾಡುವ ದಾರಿ, ಕಾರಣವಿರಬಹುದು. ಹೌಸಿಂಗಿನ ಮೇಲೆ ಬೆರಳ ತುದಿಯಷ್ಟು ಮುಚ್ಚಳ ಅಥವಾ ಅಲ್ಲಿಂದ ಚಾಸಿಯತ್ತ ಹೋಗುವ ಕೊಳವೆ ಇರುತ್ತದೆ. ಮಣ್ಣು ಕಟ್ಟಿ ಅದು ಮುಚ್ಚಿದರೆ, ಎಣ್ಣೆ ಕಾದಾಗ ಹಿಗ್ಗಿದ ಗಾಳಿ ಸೀಲುಗಳನ್ನು ಒತ್ತಿ ಎಣ್ಣೆಯನ್ನು ಹೊರತಳ್ಳುತ್ತದೆ. ಕಾದ ಹೌಸಿಂಗ್ ನೀರಿಗಿಳಿದು ಥಟ್ಟನೆ ತಣ್ಣಗಾದರೆ ಉಲ್ಟಾ, ಅದೇ ಸೀಲುಗಳ ಮೂಲಕ ನೀರು ಒಳಗೆಳೆದುಕೊಳ್ಳುತ್ತದೆ. ಬ್ರೀದರ್ ಬಿಚ್ಚಿ ಕ್ಲೀನರಿನಲ್ಲಿ ತೊಳೆದು, ಅದರ ಚಿಕ್ಕ ಮುಚ್ಚಳ ಸಲೀಸಾಗಿ ಆಡುತ್ತದೆಯೇ ನೋಡಿ. ಆಡದಿದ್ದರೆ ಹೊಸದು ಹಾಕಿ. ಮಬ್ಬಾದ ಎಣ್ಣೆ ತೆಗೆದ ಮೇಲೆ ಐದುನೂರು ಕಿಲೋಮೀಟರಿನೊಳಗೆ ಮತ್ತೊಮ್ಮೆ ಬದಲಿಸಿ, ಕೊಳವೆಗಳಲ್ಲಿ ಉಳಿದ ನೀರು ಆಗ ಹೋಗುತ್ತದೆ.

ಡ್ರಮ್ಮಿನ ವಿಷಯ ತುರ್ತು. ಮಟ್ಟ ಹೆಚ್ಚಾಗಿದ್ದರೆ ಮೊದಲು ಇಳಿಸಿ. ಸೀಲ್ ಒಮ್ಮೆ ಸೋರಿತೆಂದರೆ ಬದಲಿಸಲೇಬೇಕು. ಒದ್ದೆಯಾಗಿರುವುದು ಗೇರ್ ಆಯಿಲ್ಲೋ ಬ್ರೇಕ್ ಆಯಿಲ್ಲೋ ಎಂದು ಮೂಸಿದರೆ ತಿಳಿಯುತ್ತದೆ, ಗಂಧಕದ ನಾತ ಮರೆಯಾಗದು. ಎಣ್ಣೆ ಕುಡಿದ ಬ್ರೇಕ್ ಶೂಗಳನ್ನು ತೊಳೆದು ಮತ್ತೆ ಹಾಕಬೇಡಿ, ಎರಡೂ ಬದಿಗೆ ಹೊಸದು ಹಾಕಿ.

ಪ್ರಶ್ನೆ: ವೇಗ ಏರಿದಾಗ ಹಿಂದಿನಿಂದ ಊಳಿಡುವ ಸದ್ದು. ದಪ್ಪ ಎಣ್ಣೆ ಹಾಕಿದರೆ ನಿಲ್ಲುತ್ತದೆಯೇ?

ಸದ್ದು ತಗ್ಗಬಹುದು, ಸವೆತ ನಿಲ್ಲದು. ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ ಕೇಳಿಸಿದರೆ ಕ್ರೌನ್-ಪಿನಿಯನ್ ಹೊಂದಾಣಿಕೆ ಕೆಟ್ಟಿದೆ. ಒತ್ತಿದರೂ ಬಿಟ್ಟರೂ ಒಂದೇ ಸಮನೆ ಗುರ್ ಎನ್ನುತ್ತಾ ತಿರುವಿನಲ್ಲಿ ಏರಿಳಿದರೆ ಗಾಲಿಯ ಬೇರಿಂಗ್ ನೋಡಿ. ಗೇರ್ ಹಾಕುವಾಗ ಟಣ್ ಎಂದರೆ ಹೌಸಿಂಗ್ ಬಿಚ್ಚುವ ಮುನ್ನ ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹೌಸಿಂಗಿಗೆ ಬರುವ ಉದ್ದನೆ ದಂಡ) ಕ್ರಾಸ್, ಅಂದರೆ ಅದರ ತುದಿಯ ಬಾಗುವ ಕೀಲು ಪರೀಕ್ಷಿಸಿ, ಎಷ್ಟೋ ಸಲ ತಪ್ಪು ಅದರದೇ.

ಪ್ರಶ್ನೆ: ಹೌಸಿಂಗಿನ ಮೂತಿಯಲ್ಲಿ, ಶಾಫ್ಟ್ ಸೇರುವ ಕಡೆ, ಎಣ್ಣೆ ಜಿನುಗುತ್ತಿದೆ. ನಡುವಿನ ದೊಡ್ಡ ನಟ್ ಬಿಗಿ ಮಾಡಿದರೆ ಸಾಕೇ?

ಆ ನಟ್ ಮುಟ್ಟಬೇಡಿ. ಅದು ಸೋರಿಕೆ ತಡೆಯುವ ನಟ್ ಅಲ್ಲ, ಪಿನಿಯನ್ ಬೇರಿಂಗುಗಳ ಒತ್ತಡ ನಿಗದಿ ಮಾಡುವುದು. ಬಹಳಷ್ಟು ಗಾಡಿಗಳಲ್ಲಿ ಅದರ ಹಿಂದೆ ಒಂದು ತೆಳು ಕೊಳವೆ ಇದ್ದು, ನಟ್ ಬಿಗಿದಷ್ಟೂ ಕುಗ್ಗುತ್ತದೆ, ಒಮ್ಮೆ ಕುಗ್ಗಿದರೆ ಹಿಗ್ಗುವುದಿಲ್ಲ. ಹೆಚ್ಚು ಬಿಗಿದರೆ ಬೇರಿಂಗ್ ಕಾದು ಸುಡುತ್ತದೆ. ಸೋರುತ್ತಿರುವುದು ಪಿನಿಯನ್ ಸೀಲ್. ಬ್ರೀದರ್ ತೊಳೆದು ಒರೆಸಿ ಒಂದು ವಾರ ಗಮನಿಸಿ. ಆಮೇಲೂ ಜಿನುಗಿದರೆ ಸೀಲ್ ಬದಲಿಸಬೇಕು. ಬಿಚ್ಚುವ ಮೊದಲು ನಟ್ಟಿಗೂ ಪಿನಿಯನ್ ಮರೆಯ ತುದಿಗೂ ಫ್ಲೇಂಜಿಗೂ (ಶಾಫ್ಟ್ ಬೋಲ್ಟಾಗುವ ಚಕ್ರ) ಸಾಲಾಗಿ ಪಂಚಿನಿಂದ ಗುರುತು ಹಾಕಿ, ಹೊರಗೆ ಕಾಣುವ ಮರೆಯ ಸುತ್ತುಗಳನ್ನೂ ಎಣಿಸಿ, ಬೇರಿಂಗಿನ ಒತ್ತಡ ಅಳೆಯುವ ಸಲಕರಣೆ ಇರುವ ಮೆಕ್ಯಾನಿಕ್ಕರಿಂದಲೇ ಮಾಡಿಸಿ. ಅಲ್ಲಿಯವರೆಗೆ ವಾರಕ್ಕೊಮ್ಮೆ ಫಿಲ್ಲರ್ ಪ್ಲಗ್ ತೆಗೆದು ಬೆರಳಿಟ್ಟು ಮಟ್ಟ ನೋಡಿ, ಕಡಿಮೆಯಾದಷ್ಟು ಸೇರಿಸುತ್ತಿರಿ.